ಕೊಣಾಜೆಯ ಎಂ.ಎಸ್ಸಿ.ಗೆ ಬಹರೈನಿನಲ್ಲಿ ಬೆಲೆಯಿದೆಯೇ?

ಪ್ರತಿ ವರ್ಷ ಬೇಸಿಗೆ ಬಂತೆಂದರೆ ಬಹರೈನಿನ ಕನ್ನಡಿಗರ ಮನೆಗಳಲ್ಲಿ ಒಂದೇ ವಿಷಯದ ಚರ್ಚೆ. ಊರಿನಲ್ಲಿ ಓದುತ್ತಿರುವ ಮಗನೋ ಮಗಳೋ ಪದವಿ ಮುಗಿಸಿರುತ್ತಾರೆ, ಮುಂದೇನು? ಮೊದಲು ಬರುವ ಹೆಸರು ಬ್ರಿಟನ್, ಕೆನಡಾ, ಐರ್ಲೆಂಡ್. ಅದು ಕೈಗೆಟುಕದು ಎಂದಾದರೆ ಬೆಂಗಳೂರಿನ ಯಾವುದಾದರೊಂದು ಖಾಸಗಿ ವಿಶ್ವವಿದ್ಯಾಲಯ. ಎರಡೂ ಬೇಡವೆಂದಾದ ಮೇಲೆ, ತುಸು ತಗ್ಗಿದ ದನಿಯಲ್ಲಿ, “ಏನೂ ಆಗದಿದ್ದರೆ ಕೊಣಾಜೆ ಇದ್ದೇ ಇದೆಯಲ್ಲ” ಎನ್ನುತ್ತಾರೆ. ಮಲೆನಾಡಿನವರಾದರೆ ಕೊಣಾಜೆಯ ಜಾಗದಲ್ಲಿ ಶಂಕರಘಟ್ಟ, ಕೊಡಗಿನವರಾದರೆ ಚಿಕ್ಕ ಅಳುವಾರ, ಕಲಬುರಗಿ ಕಡೆಯವರಾದರೆ ಕಡಗಂಚಿ. ಹೆಸರು ಯಾವುದಾದರೇನು, ಆ ದನಿ ಮಾತ್ರ ಒಂದೇ.

ನಾನು ವೈದ್ಯ, ಶಿಕ್ಷಣತಜ್ಞನಲ್ಲ. ಆದರೂ ಈ ಊರಿನಲ್ಲಿ ವೈದ್ಯನ ಬಳಿಗೆ ರಕ್ತದೊತ್ತಡದ ಜೊತೆಗೆ ಮಕ್ಕಳ ಭವಿಷ್ಯದ ಚಿಂತೆಯೂ ಬರುತ್ತದೆ. ಅನೇಕ ಬಾರಿ ಎರಡನೆಯದೇ ಮೊದಲನೆಯದಕ್ಕೆ ಕಾರಣ. “ಡಾಕ್ಟ್ರೇ, ಸರ್ಕಾರಿ ಯೂನಿವರ್ಸಿಟಿಯಲ್ಲಿ, ಅದೂ ಒಂದು ಹಳ್ಳಿಯಲ್ಲಿ ಎಂ.ಎಸ್ಸಿ. ಮಾಡಿದರೆ ಗಲ್ಫಿನಲ್ಲಿ ಯಾರಾದರೂ ಕೇಳುತ್ತಾರಾ?” ಎಂಬ ಪ್ರಶ್ನೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಎಲ್ಲರಿಗೂ ಒಂದೊಂದಾಗಿ ಹೇಳಿದ ಉತ್ತರವನ್ನು ಒಟ್ಟಿಗೆ ಬರೆದಿಡುವುದು ಈ ಲೇಖನದ ಉದ್ದೇಶ. ಸಣ್ಣ ಊರಿನ ಸಾರ್ವಜನಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯನ್ನು ಬೇರೆ ದಾರಿ ಕಾಣದವರ ಕೊನೆಯ ಆಸರೆ ಎಂದು ನೋಡಬೇಕಾಗಿಲ್ಲ. ವಿದೇಶಕ್ಕೆ ಹೋಗಬೇಕೆನ್ನುವ ಮಧ್ಯಮ ವರ್ಗದ ಮಕ್ಕಳಿಗೆ ಅದು ಇಂದಿಗೂ ಅತ್ಯಂತ ಭದ್ರವಾದ ಮೆಟ್ಟಿಲು. ಆದರೆ ಆ ಮೆಟ್ಟಿಲು ಈಗ ಸಡಿಲಗೊಳ್ಳುತ್ತಿದೆ. ಅದನ್ನು ಏರಿ ಬಂದ ನಾವು ಅದರ ಬಗ್ಗೆ ಯೋಚಿಸಬೇಕಾದ ಕಾಲ ಬಂದಿದೆ.

ಕೊಣಾಜೆಯನ್ನೇ ನೋಡೋಣ. ಇಲ್ಲಿರುವ ಕನ್ನಡಿಗರಲ್ಲಿ ಕರಾವಳಿಯವರೇ ಹೆಚ್ಚು. ಅವರಿಗೆಲ್ಲ ಪರಿಚಿತವಾದ ಹೆಸರದು. ತೊಕ್ಕೊಟ್ಟಿನಿಂದ ಹೊರಟು ದೇರಳಕಟ್ಟೆಯನ್ನು ದಾಟುವಾಗ ರಸ್ತೆಯ ಬದಿಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಎತ್ತರದ ಕಟ್ಟಡಗಳು ಕಾಣುತ್ತವೆ. ಅವುಗಳನ್ನು ದಾಟಿ ಮುಂದೆ ಹೋದರೆ ಗುಡ್ಡದ ಮೇಲೆ ಮಂಗಳಗಂಗೋತ್ರಿ. 1968ರಲ್ಲಿ ಅದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಯಿತು. ಮೈಸೂರಿನ ಆವರಣಕ್ಕೆ ಕುವೆಂಪು ಇಟ್ಟ ‘ಮಾನಸಗಂಗೋತ್ರಿ’ ಎಂಬ ಹೆಸರಿನ ಜಾಡಿನಲ್ಲೇ ಇದಕ್ಕೂ ಹೆಸರು ಬಂತು. ಕನ್ನಡ ವಿಭಾಗವನ್ನು ಕಟ್ಟಲು ಬಂದವರು ಎಸ್.ವಿ. ಪರಮೇಶ್ವರ ಭಟ್ಟರು. 1980ರಲ್ಲಿ ಮಂಗಳೂರು ಸ್ವತಂತ್ರ ವಿಶ್ವವಿದ್ಯಾಲಯವಾದಾಗ ಮೊದಲ ಕುಲಪತಿಗಳಾಗಿ ಬಂದವರು ಇತಿಹಾಸಕಾರ ಬಿ. ಷೇಕ್ ಅಲಿ. ಮುಂದೆ ಅಲ್ಲಿ ಎಲೆಕ್ಟ್ರಾನ್‌ಗಳನ್ನು ವೇಗೋತ್ಕರ್ಷಗೊಳಿಸುವ ಮೈಕ್ರೋಟ್ರಾನ್ ಯಂತ್ರ ಬಂತು. ಯಕ್ಷಗಾನ ಅಧ್ಯಯನ ಕೇಂದ್ರವೂ ಬಂತು. ಒಂದೇ ಗುಡ್ಡದ ಮೇಲೆ ಪರಮಾಣು ಭೌತವಿಜ್ಞಾನವೂ ಯಕ್ಷಗಾನವೂ ಅಧ್ಯಯನದ ವಿಷಯಗಳಾಗಿರುವುದು ಸಾಮಾನ್ಯ ಸಂಗತಿಯಲ್ಲ.

1987ರಲ್ಲಿ ಭದ್ರಾ ಅಣೆಕಟ್ಟಿಗೆ ಸಮೀಪದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, 2009ರಲ್ಲಿ ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದವು. ಇಂಥ ಊರುಗಳಲ್ಲಿ ವಿಶ್ವವಿದ್ಯಾಲಯ ಕಟ್ಟಿದ್ದಕ್ಕೆ ಅಗ್ಗದ ಭೂಮಿಯೊಂದೇ ಕಾರಣವಲ್ಲ. ಮೈಸೂರಿಗೋ ಧಾರವಾಡಕ್ಕೋ ಹೋಗಿ ಕೋಣೆ ಹಿಡಿದು ಓದಲಾಗದವರ ಬಳಿಗೆ ಸ್ನಾತಕೋತ್ತರ ಶಿಕ್ಷಣವೇ ನಡೆದುಬಂತು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರ ಮಕ್ಕಳು, ಗೇಣಿದಾರರ ಮೊಮ್ಮಕ್ಕಳು, ಮೀನುಗಾರರ ಹೆಣ್ಣುಮಕ್ಕಳು ಎಂ.ಎ., ಎಂ.ಎಸ್ಸಿ. ಮಾಡಿದ್ದು ಹೀಗೆ. ಕರಾವಳಿಯ ಅನೇಕ ಮನೆಗಳಲ್ಲಿ ಮೊದಲ ಸ್ನಾತಕೋತ್ತರ ಪದವೀಧರರು ಅಲ್ಲಿಂದಲೇ ಬಂದವರು. ಅವರಲ್ಲಿ ಹಲವರು ಇಂದು ಗಲ್ಫಿನಲ್ಲಿದ್ದಾರೆ.

ಈಗ ಹಣದ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಶಿಕ್ಷಣಕ್ಕೆ ಶುಲ್ಕ, ವಸತಿ, ವೀಸಾ, ವಿಮಾನ ಎಲ್ಲ ಸೇರಿದರೆ ಇಪ್ಪತ್ತೈದು ಲಕ್ಷ ರೂಪಾಯಿ ಸುಲಭವಾಗಿ ದಾಟುತ್ತದೆ. ಊರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ.ಗೆ ಸಾಮಾನ್ಯ ಸೀಟಿನಲ್ಲಿ ಹಾಸ್ಟೆಲ್, ಊಟ ಸೇರಿದರೂ ಅದರ ಹತ್ತನೆಯ ಒಂದು ಭಾಗಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಒಂದು ದಿನಾರಿಗೆ ಇನ್ನೂರು ರೂಪಾಯಿಗೂ ಹೆಚ್ಚು ಸಿಗುತ್ತದೆಂಬುದು ನಿಜ. ಆದರೆ ತಿಂಗಳಿಗೆ ಇನ್ನೂರೈವತ್ತು ದಿನಾರ್ ದುಡಿದು ನೂರು ದಿನಾರ್ ಊರಿಗೆ ಕಳಿಸುವವನಿಗೆ ಇಪ್ಪತ್ತೈದು ಲಕ್ಷವೆಂದರೆ ಏನೆಂದು ಲೆಕ್ಕ ಹಾಕಿ ನೋಡಿ. ಬಡ್ಡಿಯಿಲ್ಲದೆಯೇ ಅದು ಸುಮಾರು ಹತ್ತು ವರ್ಷದ ಉಳಿತಾಯ.

ಸಿತ್ರಾದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ, ವಿಟ್ಲ ಕಡೆಯ ಒಬ್ಬರು ಕೆಲವು ವರ್ಷಗಳ ಹಿಂದೆ ಮಗಳ ಕಡತ ಹಿಡಿದು ನನ್ನ ಬಳಿಗೆ ಬಂದಿದ್ದರು. ಮಗಳು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದ್ದಳು, ಒಳ್ಳೆಯ ಅಂಕಗಳಿದ್ದವು. ಏಜೆಂಟನೊಬ್ಬ ಬ್ರಿಟನ್ನಿನ ಸೀಟು ‘ಖಚಿತ’ ಮಾಡಿದ್ದ. ಅಡಿಕೆ ತೋಟದ ಆರ್‌ಟಿಸಿ ಬ್ಯಾಂಕಿಗೆ ಹೋಗುವುದೊಂದು ಬಾಕಿಯಿತ್ತು. ಅವರ ರಕ್ತದೊತ್ತಡ ಅಂದು ನೂರ ಎಂಬತ್ತು. ಆ ವಿಶ್ವವಿದ್ಯಾಲಯದಲ್ಲಿ ಮಗಳು ಓದಲಿರುವ ವಿಷಯ ಯಾವುದೆಂದು ಕೇಳಿದೆ. “ಅದು ಏಜೆಂಟರಿಗೆ ಗೊತ್ತು” ಎಂದರು. ನಾನು ಹೇಳಿದ್ದು ಇಷ್ಟೇ: “ಅಣ್ಣ, ವಿಷಯ ಯಾವುದೆಂದು ಗೊತ್ತಿಲ್ಲದೆ ತೋಟ ಅಡವಿಡಬೇಡಿ. ಮಗಳನ್ನೇ ಕೇಳಿ.” ಮಗಳಿಗೆ ಬೇಕಾಗಿದ್ದದ್ದು ಜೀವವಿಜ್ಞಾನ, ಅದು ಕೊಣಾಜೆಯಲ್ಲೇ ಇತ್ತು. ಓದಿ ಮುಗಿಸಿ ಈಗ ಬೆಂಗಳೂರಿನ ಒಂದು ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಾಳೆ. ಭಾರೀ ಸಂಬಳವೇನಲ್ಲ, ವಿದೇಶದ ಕನಸನ್ನೂ ಅವಳು ಬಿಟ್ಟಿಲ್ಲ. ಆದರೆ ಆ ಕನಸಿಗೆ ಈಗ ತೋಟದ ಋಣವಿಲ್ಲ. ಪಿ.ಎಚ್‌ಡಿ.ಗೆ ವಿದ್ಯಾರ್ಥಿವೇತನ ಸಿಕ್ಕರೆ ಹೋಗುತ್ತಾಳೆ, ಸಿಗದಿದ್ದರೆ ಇಲ್ಲ. ಬೇಡವೆನ್ನುವ ಸ್ವಾತಂತ್ರ್ಯ ಅವಳಿಗಿದೆ. ಸಾಲ ಹೊತ್ತು ಹೋದವರಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ಬ್ರಿಟನ್ 2024ರ ಜನವರಿಯಿಂದ ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. ಅದೇ ತಿಂಗಳು ಕೆನಡಾ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಘೋಷಿಸಿತು. ಸಾಲ ಮಾಡಿದ ಮೇಲೆ ಆ ದೇಶದ ನಿಯಮ ಬದಲಾದರೆ, ಕಂತು ಮಾತ್ರ ಬದಲಾಗುವುದಿಲ್ಲ.

ಇನ್ನು ಮೂಲ ಪ್ರಶ್ನೆ: ಗಲ್ಫಿನಲ್ಲಿ ಇಂಥ ಪದವಿಗೆ ಬೆಲೆಯಿದೆಯೇ?

ಇಲ್ಲಿ ಪದವಿಯನ್ನು ತೂಗುವ ಬಗೆಯನ್ನು ಊರಿನಲ್ಲಿರುವವರು ಸರಿಯಾಗಿ ತಿಳಿದುಕೊಳ್ಳಬೇಕು. ನನ್ನ ಕ್ಷೇತ್ರವನ್ನೇ ತೆಗೆದುಕೊಂಡರೆ, ಬಹರೈನಿನಲ್ಲಿ ವೈದ್ಯ, ದಾದಿ, ಫಾರ್ಮಸಿಸ್ಟ್, ಪ್ರಯೋಗಾಲಯ ತಂತ್ರಜ್ಞ ಯಾರೇ ಆಗಲಿ, ರಾಷ್ಟ್ರೀಯ ಆರೋಗ್ಯ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಆ ಪರವಾನಗಿಗೆ ಮೊದಲು ‘ಮೂಲ ಪರಿಶೀಲನೆ’ ನಡೆಯುತ್ತದೆ. ನೀವು ಕೊಟ್ಟ ಪ್ರಮಾಣಪತ್ರದ ಪ್ರತಿಯನ್ನು ನೋಡಿ ಯಾರೂ ತೃಪ್ತರಾಗುವುದಿಲ್ಲ. ಪರಿಶೀಲನೆಯ ಸಂಸ್ಥೆ ನೇರವಾಗಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಬರೆಯುತ್ತದೆ: ಈ ಹೆಸರಿನವರು ನಿಮ್ಮಲ್ಲಿ ಓದಿದ್ದಾರೆಯೇ, ಇಂಥ ವರ್ಷದಲ್ಲಿ ಪದವಿ ಕೊಟ್ಟಿದ್ದೀರಾ? ಅಲ್ಲಿಂದ ‘ಹೌದು’ ಎಂಬ ಉತ್ತರ ಬರಬೇಕು. ಉಳಿದ ಉದ್ಯೋಗಗಳಿಗೆ ಬೇಕಾಗುವ ದಾಖಲೆಗಳಿಗೂ ಊರಿನಲ್ಲಿ ರಾಜ್ಯ ಮಟ್ಟದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು. ಭಾರತವೂ ಬಹರೈನೂ 1961ರ ಹೇಗ್ ಒಪ್ಪಂದದ ಸದಸ್ಯರಾದ್ದರಿಂದ ಆ ಒಂದು ಮುದ್ರೆಗೆ ಇಲ್ಲಿ ಮಾನ್ಯತೆಯಿದೆ.

ಈ ಇಡೀ ಪ್ರಕ್ರಿಯೆಯಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದೆಯೇ? ನೀವು ತರಗತಿಗೆ ಹೋಗಿ ಓದಿದ್ದೋ ಅಂಚೆಯ ಮೂಲಕವೋ? ಎಷ್ಟು ವರ್ಷ ಓದಿದಿರಿ? ದಾಖಲೆಗಳು ಹೊಂದುತ್ತವೆಯೇ? ಆವರಣಕ್ಕೆ ಗಾಜಿನ ಕಟ್ಟಡವಿದೆಯೇ, ಊರಿನಲ್ಲಿ ಮಾಲ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ, ದಶಕಗಳ ದಾಖಲೆ ಪುಸ್ತಕಗಳನ್ನು ಕಾಪಾಡಿಕೊಂಡು ಬಂದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ನಿತ್ಯ ತರಗತಿಗೆ ಹೋಗಿ ಗಳಿಸಿದ ಪದವಿ ಈ ಪರೀಕ್ಷೆಯನ್ನು ಗೆಲ್ಲುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಒಬ್ಬ ತರುಣ ಬೇರೆ ರಾಜ್ಯದ ಯಾವುದೋ ಸಂಸ್ಥೆಯ ‘ಅಧ್ಯಯನ ಕೇಂದ್ರ’ದಿಂದ ವಾರಾಂತ್ಯದ ತರಗತಿಗಳ ಮೂಲಕ ಸ್ನಾತಕೋತ್ತರ ಪದವಿ ಪಡೆದು ಬಂದಿದ್ದ. ಇಲ್ಲಿ ಕೆಲಸ ಸಿಕ್ಕಿತ್ತು, ಸಂಬಳವೂ ನಿಗದಿಯಾಗಿತ್ತು. ಪರಿಶೀಲನೆಯ ಪತ್ರಕ್ಕೆ ಮೂಲ ಸಂಸ್ಥೆಯಿಂದ ಬಂದ ಉತ್ತರ: ಈ ಹೆಸರು ನಮ್ಮ ದಾಖಲೆಯಲ್ಲಿಲ್ಲ. ಮೋಸ ಹೋದವನು ಅವನೇ. ಆದರೂ ವಿಮಾನ ಹತ್ತಿ ಮರಳಬೇಕಾದವನೂ ಅವನೇ ಆದ. 2005ರಲ್ಲಿ ಸುಪ್ರೀಂ ಕೋರ್ಟ್ ಛತ್ತೀಸಗಢದ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳನ್ನು ಒಂದೇ ತೀರ್ಪಿನಲ್ಲಿ ರದ್ದುಪಡಿಸಿದ್ದನ್ನು ಹಿರಿಯ ಓದುಗರು ಮರೆತಿರಲಾರರು. ಪದವಿಯೆಂಬುದು ಕೊಟ್ಟವರು ಬದುಕಿರುವವರೆಗೆ ಮಾತ್ರ ಬೆಲೆಯುಳ್ಳ ಹುಂಡಿಯಂತೆ. ಆದ್ದರಿಂದ ಕೊಡುವವರು ಯಾರೆಂಬುದು ಮುಖ್ಯ.

ಕಾಗದದ ಮಾತಾಯಿತು, ಕಲಿಕೆಯ ಮಾತೇನು? ಇಲ್ಲಿ ನನ್ನ ಅನುಭವವನ್ನು ಹೇಳಬಹುದು. ತೊಂಬತ್ತರ ದಶಕದಲ್ಲಿ ನಾನು ಎಂ.ಡಿ. ಮಾಡಿದ್ದು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ. ಬೆಂಗಳೂರಿನ ಸಹಪಾಠಿಗಳಿಗೆ ಅದು ದೂರದ, ಧೂಳಿನ ಊರು. ಆದರೆ ಕೊಪ್ಪಳ, ರಾಯಚೂರು, ಅತ್ತ ಆಂಧ್ರದ ಅನಂತಪುರ, ಕರ್ನೂಲಿನ ಕಡೆಯಿಂದಲೂ ರೋಗಿಗಳು ಅಲ್ಲಿಗೇ ಬರುತ್ತಿದ್ದರು. ಹಾವು ಕಚ್ಚಿದವರು, ಹತ್ತಿಗೆ ಹೊಡೆಯುವ ಕೀಟನಾಶಕ ಕುಡಿದವರು, ಮಿದುಳಿಗೇರಿದ ಮಲೇರಿಯಾ, ಧನುರ್ವಾಯು, ಎಲ್ಲ ಬಗೆಯ ಕ್ಷಯ. ಒಂದು ರಾತ್ರಿಯ ಪಾಳಿಯಲ್ಲಿ ಅಲ್ಲಿ ಕಂಡ ರೋಗಗಳನ್ನು ದೊಡ್ಡ ಖಾಸಗಿ ಆಸ್ಪತ್ರೆಯ ಸ್ನಾತಕೋತ್ತರ ವಿದ್ಯಾರ್ಥಿ ಒಂದು ತಿಂಗಳಿನಲ್ಲೂ ಕಾಣಲಾರ. ಯಂತ್ರಗಳು ಕಡಿಮೆ ಇದ್ದುದರಿಂದ ಕೈ, ಕಣ್ಣು, ಕಿವಿಗಳನ್ನು ನಂಬುವುದನ್ನು ಕಲಿತೆವು. ಇಲ್ಲಿ ಬಹರೈನಿನಲ್ಲಿ ಬಾಂಗ್ಲಾದೇಶದ, ನೇಪಾಳದ, ನಮ್ಮದೇ ಊರಿನ ಕೂಲಿಕಾರ್ಮಿಕ ಜ್ವರವೆಂದು ಎದುರು ಕುಳಿತಾಗ ಇಂದಿಗೂ ನನ್ನ ನೆರವಿಗೆ ಬರುವುದು ಆ ಮೂರು ವರ್ಷ.

ವೈದ್ಯಕೀಯಕ್ಕೆ ಸಂದದ್ದು ಬೇರೆ ವಿಷಯಗಳಿಗೂ ತಮ್ಮದೇ ರೀತಿಯಲ್ಲಿ ಸಲ್ಲುತ್ತದೆ. ಕಡಲ ಭೂವಿಜ್ಞಾನ ಓದುವವನಿಗೆ ಕೊಣಾಜೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಕಡಲಿದೆ, ನೇತ್ರಾವತಿಯ ಅಳಿವೆಯಿದೆ. ಸಸ್ಯವಿಜ್ಞಾನದವಳಿಗೆ ಶಂಕರಘಟ್ಟದ ಬೆನ್ನಿಗೇ ಭದ್ರಾ ಕಾಡು. ಶಾಸನ ಓದುವವನಿಗೆ ಹಂಪಿಯಲ್ಲಿ ಪುಸ್ತಕಕ್ಕಿಂತ ಮೊದಲು ಕಲ್ಲೇ ಸಿಗುತ್ತದೆ. ಸಣ್ಣ ಊರಿನ ಇನ್ನೊಂದು ಲಾಭವೆಂದರೆ ಅಧ್ಯಾಪಕರ ಸಾಮೀಪ್ಯ. ತರಗತಿಯಲ್ಲಿ ಮೂವತ್ತು ಮಂದಿ. ಮೇಷ್ಟ್ರು ಆವರಣದಲ್ಲೇ ಅಥವಾ ಹತ್ತಿರದಲ್ಲೇ ಇರುತ್ತಾರೆ. ಸಂಜೆ ದಾರಿಯಲ್ಲಿ ಸಿಕ್ಕರೂ ಸಂಶಯ ಕೇಳಬಹುದು. ಅಂಥ ಮೇಷ್ಟ್ರು ಬರೆದುಕೊಡುವ ಶಿಫಾರಸು ಪತ್ರವೇ ಮುಂದೆ ಹೊರದೇಶದ ಪಿ.ಎಚ್‌ಡಿ.ಗೆ ಬಾಗಿಲು ತೆರೆಯುತ್ತದೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕ ವೇತನಕ್ಕೆ ಅರ್ಹರಾದರೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಆ ಪರೀಕ್ಷೆ ಯಾವ ಊರಿನಲ್ಲಿ ಓದಿದಿರಿ ಎಂದು ಕೇಳುವುದಿಲ್ಲ.

ಹಾಗೆಂದು ಎಲ್ಲವೂ ಚೆನ್ನಾಗಿದೆ ಎಂದರೆ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ. ನಮ್ಮ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಕಷ್ಟದಲ್ಲಿವೆ. ನಿವೃತ್ತರಾದ ಪ್ರಾಧ್ಯಾಪಕರ ಜಾಗಗಳು ವರ್ಷಗಟ್ಟಲೆ ಖಾಲಿ ಉಳಿದಿವೆ. ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ವಿಭಾಗಗಳು ನಡೆಯುತ್ತಿವೆ. ಫಲಿತಾಂಶ ತಡವಾಗುತ್ತದೆ, ಅಂಕಪಟ್ಟಿ ಇನ್ನೂ ತಡ. ಪ್ರಯೋಗಾಲಯದ ಉಪಕರಣ ಕೆಟ್ಟರೆ ದುರಸ್ತಿಗೆ ಹಣವಿಲ್ಲ. ವಿದೇಶದಿಂದ ಪರಿಶೀಲನೆಗೆ ಬಂದ ಪತ್ರಕ್ಕೆ ಉತ್ತರ ಬಾರದೆ ಒಳ್ಳೆಯ ಕೆಲಸ ತಪ್ಪಿಹೋದವರಿದ್ದಾರೆ. ಸರ್ಕಾರಿ ಎಂಬ ಹೆಸರೊಂದೇ ರಕ್ಷೆಯಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಗಡಿಯಾಚೆಗೂ ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ್ದಕ್ಕಾಗಿ ಯುಜಿಸಿ 2013–14ರಿಂದ ಅದರ ಮಾನ್ಯತೆಯನ್ನು ಮುಂದುವರಿಸಲಿಲ್ಲ. ಅದು ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ಸಣ್ಣದಲ್ಲ.

ಆದ್ದರಿಂದ ಸೇರುವ ಮೊದಲು ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ಹೆತ್ತವರು ಗಲ್ಫಿನಲ್ಲಿದ್ದರೆ ಊರಿನಲ್ಲಿರುವ ಮಾವನೋ ಚಿಕ್ಕಪ್ಪನೋ ಹೋಗಲಿ. ಇಡೀ ವಿಶ್ವವಿದ್ಯಾಲಯವನ್ನು ನೋಡಬೇಕಾಗಿಲ್ಲ. ನೀವು ಸೇರಲಿರುವ ವಿಭಾಗವನ್ನು ನೋಡಿ. ಒಂದೇ ಆವರಣದಲ್ಲಿ ಅತ್ಯುತ್ತಮವಾದ ವಿಭಾಗವೂ ಸೊರಗಿದ ವಿಭಾಗವೂ ಇರುತ್ತವೆ. ಕಾಯಂ ಅಧ್ಯಾಪಕರು ಎಷ್ಟು ಮಂದಿ? ಇಬ್ಬರಿಗಿಂತ ಕಡಿಮೆಯಾದರೆ ಬೇರೆ ಕಡೆ ನೋಡಿ. ಹಿಂದಿನ ವರ್ಷದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ನೆಟ್, ಕೆಸೆಟ್ ಪಾಸಾದವರು ಎಷ್ಟು? ಕೊನೆಯ ಪರೀಕ್ಷೆಯ ಫಲಿತಾಂಶ ಎಷ್ಟು ತಿಂಗಳಿಗೆ ಬಂತು? ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನೀರು, ರಾತ್ರಿ ದೀಪ, ಬಸ್ಸು ಸರಿಯಾಗಿವೆಯೇ? ಇದನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಕ್ಯಾಂಟೀನಿನಲ್ಲಿ ಕುಳಿತು ವಿದ್ಯಾರ್ಥಿಗಳನ್ನೇ ಕೇಳಿ. ಪದವಿ ಮುಗಿದ ಕೂಡಲೇ, ಉದ್ಯೋಗ ಸಿಗುವವರೆಗೆ ಕಾಯದೆ, ಪದವಿ ಪ್ರಮಾಣಪತ್ರ, ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಪಡೆದುಕೊಳ್ಳಿ. ಡಿಜಿಲಾಕರಿನಲ್ಲಿ ದಾಖಲೆ ಬಂದಿದೆಯೇ ನೋಡಿ. ಪಾಸ್‌ಪೋರ್ಟಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿಲ್ಲದಂತೆ ಸರಿಪಡಿಸಿಕೊಳ್ಳಿ. ಇಲ್ಲಿ ಕೆಲಸ ಸಿಕ್ಕ ಮೇಲೆ ಈ ತಿದ್ದುಪಡಿಗೆ ಓಡಾಡುವುದು ಎಷ್ಟು ಕಷ್ಟವೆಂಬುದು ಓಡಾಡಿದವರಿಗೇ ಗೊತ್ತು. ಇಂಗ್ಲಿಷಿನಲ್ಲಿ ಮಾತನಾಡುವ ಅಭ್ಯಾಸ, ಸಂದರ್ಶನದ ತಯಾರಿ ಇವನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು. ಸಣ್ಣ ಊರಿನ ಆವರಣ ಅದನ್ನು ತಾನಾಗಿ ಕಲಿಸದು. ನಿಮಗೆ ಬೇಕಾದ ವಿಷಯವೇ ಅಲ್ಲಿಲ್ಲದಿದ್ದರೆ, ಅಥವಾ ಪೂರ್ಣ ವಿದ್ಯಾರ್ಥಿವೇತನದೊಂದಿಗೆ ಹೊರದೇಶದ ಸೀಟು ಸಿಕ್ಕಿದ್ದರೆ, ಧಾರಾಳವಾಗಿ ಹೋಗಿ. ನನ್ನ ಮಾತಿನ ಉದ್ದೇಶ ಯಾರನ್ನೂ ತಡೆಯುವುದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಈ ಲೇಖನವನ್ನು ಈಗಲೇ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು, ಇತ್ತೀಚೆಗೆ ಆರಂಭವಾದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪ ಮಾಡಿತು. ಕೊಡಗು, ಹಾಸನ, ಚಾಮರಾಜನಗರ, ಹಾವೇರಿ, ಕೊಪ್ಪಳ, ಬಾಗಲಕೋಟೆಗಳ ಹೆಸರು ಆ ಪಟ್ಟಿಯಲ್ಲಿದ್ದವು. ಹಣವಿಲ್ಲ, ಜಾಗವಿಲ್ಲ, ಅಧ್ಯಾಪಕರಿಲ್ಲ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಹಣ ಕೊಡದೆ ಫಲಕ ಮಾತ್ರ ತೂಗುಹಾಕಿದರೆ ಅದು ವಿಶ್ವವಿದ್ಯಾಲಯವಾಗುವುದಿಲ್ಲ. ಜಿಲ್ಲೆಗೊಂದು ಎಂಬ ಉತ್ಸಾಹದಲ್ಲಿ ಘೋಷಿಸಿದವರೂ ಇದಕ್ಕೆ ಉತ್ತರ ಹೇಳಬೇಕು.

ಆದರೆ ಕೊಡಗಿನ ಉದಾಹರಣೆಯನ್ನು ನೋಡಿ. ಕುಶಾಲನಗರದ ಬಳಿಯ ಚಿಕ್ಕ ಅಳುವಾರದಲ್ಲಿ ‘ಜ್ಞಾನಕಾವೇರಿ’ ಎಂಬ ಆವರಣ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಅದು ಕೊಡಗು ವಿಶ್ವವಿದ್ಯಾಲಯವಾಯಿತು. ಸೋಮವಾರಪೇಟೆಯ ಕಾಫಿ ತೋಟದ ಕಾರ್ಮಿಕನ ಮಗಳಿಗೆ ಕೊಣಾಜೆಯೆಂದರೆ ಘಟ್ಟ ಇಳಿದು ಹಾಸ್ಟೆಲ್ ಸೇರುವ ಮಾತು. ಚಿಕ್ಕ ಅಳುವಾರವೆಂದರೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳುವ ಮಾತು. ಮೊದಲನೆಯದಕ್ಕೆ ಮನೆಯವರು ‘ಬೇಡ’ ಎನ್ನುತ್ತಾರೆ. ಎರಡನೆಯದಕ್ಕೆ ‘ಹೋಗಿ ಬಾ ಮಗಳೇ’ ಎನ್ನುತ್ತಾರೆ. ಒಂದು ಹೆಣ್ಣುಮಗು ಎಂ.ಎಸ್ಸಿ. ಓದುವುದೂ ಓದದಿರುವುದೂ ಆ ಬಸ್ಸಿನ ದೂರದಲ್ಲಿ ನಿರ್ಧಾರವಾಗುತ್ತದೆ. ಕುಲಪತಿ, ಕುಲಸಚಿವರ ಹುದ್ದೆಗಳನ್ನು ಉಳಿಸುವುದು ನನಗೆ ಮುಖ್ಯವಲ್ಲ. ಆಡಳಿತವನ್ನು ಒಂದುಗೂಡಿಸಿ, ಬೇಕಾದರೆ ಮಾತೃ ವಿಶ್ವವಿದ್ಯಾಲಯದ ಕೇಂದ್ರವಾಗಿಯೇ ಇರಲಿ. ಆದರೆ ಸ್ನಾತಕೋತ್ತರ ತರಗತಿ, ಪ್ರಯೋಗಾಲಯ, ಗ್ರಂಥಾಲಯ, ಹಾಸ್ಟೆಲ್ ಇವು ಒಂದು ದಿನವೂ ಮುಚ್ಚಬಾರದು. ಈಗಾಗಲೇ ಪದವಿ ಪಡೆದವರ ದಾಖಲೆ ಯಾರ ಬಳಿ ಇರುತ್ತದೆ, ಹತ್ತು ವರ್ಷದ ಮೇಲೆ ಗಲ್ಫಿನಿಂದ ಪರಿಶೀಲನೆಯ ಪತ್ರ ಬಂದರೆ ಉತ್ತರಿಸುವವರು ಯಾರು ಎಂಬುದನ್ನು ಸರ್ಕಾರ ಲಿಖಿತವಾಗಿ ಹೇಳಬೇಕು. ಮೇಲೆ ಹೇಳಿದ ತರುಣನ ಸ್ಥಿತಿ ಸರ್ಕಾರಿ ವಿಶ್ವವಿದ್ಯಾಲಯದ ಮಕ್ಕಳಿಗೆ ಬರಬಾರದು.

ನಾವಿರುವ ಈ ಪುಟ್ಟ ದ್ವೀಪ ಇದೇ ವಿಷಯದಲ್ಲಿ ಏನು ಮಾಡಿತೆಂಬುದನ್ನೂ ನೋಡಬೇಕು. ಬಹರೈನಿನ ವಿಸ್ತೀರ್ಣ ಎಂಟುನೂರು ಚದರ ಕಿಲೋಮೀಟರಿಗೂ ಕಡಿಮೆ. ನಮ್ಮ ಅನೇಕ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ತನ್ನ ಮಕ್ಕಳೆಲ್ಲ ಹೊರಗೆ ಹೋಗಿ ಓದಲಿ ಎಂದು ಈ ದೇಶ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ 1986ರಲ್ಲಿ, ಇದ್ದ ಗಲ್ಫ್ ಪಾಲಿಟೆಕ್ನಿಕ್ ಮತ್ತು ಕಲೆ, ವಿಜ್ಞಾನ, ಶಿಕ್ಷಣದ ಕಾಲೇಜುಗಳನ್ನು ಒಂದುಗೂಡಿಸಿ ಬಹರೈನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಒಂದಾಗಿಸುವುದೆಂದರೆ ಮುಚ್ಚುವುದಲ್ಲ ಎಂಬುದಕ್ಕೆ ಇದೇ ನಿದರ್ಶನ. ಅದರ ಮುಖ್ಯ ಆವರಣ ಇರುವುದು ರಾಜಧಾನಿಯಲ್ಲಲ್ಲ. ನಮ್ಮವರಿಗೆ ಫಾರ್ಮುಲಾ ಒನ್ ಕಾರು ಓಟದಿಂದಷ್ಟೇ ಪರಿಚಿತವಾದ ಸಖೀರಿನ ಮರಳುಗಾಡಿನಲ್ಲಿ. ಗಲ್ಫ್ ರಾಷ್ಟ್ರಗಳು ಕೂಡಿ ಕಟ್ಟಿದ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜೂ ಇದೇ ದ್ವೀಪದಲ್ಲಿದೆ. ಅಲ್ಲಿ ಓದಿ ಬಂದ ಬಹರೈನಿ ವೈದ್ಯರೊಂದಿಗೆ ನಾನು ದಿನವೂ ಕೆಲಸ ಮಾಡುತ್ತೇನೆ. ತಮ್ಮೂರಿನ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಓದಿದೆವೆಂದು ಅವರು ದನಿ ತಗ್ಗಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ಬಹರೈನಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅವರಲ್ಲಿ ಕನ್ನಡಿಗರದು ಸಣ್ಣ ಪಾಲಾದರೂ ಗಟ್ಟಿಯಾದ ಪಾಲು. ಇಲ್ಲಿ ನಾವು ಸಂಘ ಕಟ್ಟಿದ್ದೇವೆ, ಯಕ್ಷಗಾನ ಆಡಿಸಿದ್ದೇವೆ, ಊರಿನ ದೇವಸ್ಥಾನ, ದೈವಸ್ಥಾನ, ಮಸೀದಿ, ಇಗರ್ಜಿಗಳ ಜೀರ್ಣೋದ್ಧಾರಕ್ಕೆ ಹಣ ಕಳಿಸಿದ್ದೇವೆ. ಅದು ಆಗಬೇಕಾದದ್ದೇ. ಅದರ ಜೊತೆಗೆ ಒಂದು ವಿಭಾಗದ ಸೂಕ್ಷ್ಮದರ್ಶಕ, ಒಂದು ಹಾಸ್ಟೆಲಿನ ನೀರಿನ ಶುದ್ಧೀಕರಣ ಯಂತ್ರ, ವರ್ಷಕ್ಕೆ ಇಬ್ಬರು ಬಡ ವಿದ್ಯಾರ್ಥಿನಿಯರ ಎರಡು ವರ್ಷದ ಶುಲ್ಕ ಇವೂ ನಮ್ಮ ಪಟ್ಟಿಗೆ ಬರಬಾರದೇಕೆ? ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಐದೈದು ದಿನಾರ್ ಕೂಡಿಟ್ಟರೆ ವರ್ಷಕ್ಕೆ ಆರುನೂರು ದಿನಾರ್. ರೂಪಾಯಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಹಣಕ್ಕಿಂತ ಮುಖ್ಯವಾದದ್ದು ಸಮಯ. ತಿಂಗಳಿಗೊಂದು ಶುಕ್ರವಾರ, ನಮ್ಮ ರಜೆಯ ದಿನ, ಊರಿನಲ್ಲಿ ಅಂದು ತರಗತಿ ಇದ್ದೇ ಇರುತ್ತದೆ. ಇಲ್ಲಿನ ಎಂಜಿನಿಯರ್, ಲೆಕ್ಕಪರಿಶೋಧಕ, ದಾದಿ, ಪ್ರಯೋಗಾಲಯದ ಮೇಲ್ವಿಚಾರಕ ಒಂದು ಗಂಟೆ ಆನ್‌ಲೈನಿನಲ್ಲಿ ಆ ಮಕ್ಕಳೊಂದಿಗೆ ಮಾತನಾಡಬಹುದು: ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾವ ದಾಖಲೆ ಬೇಕು, ಯಾವ ಏಜೆಂಟನನ್ನು ನಂಬಬಾರದು. ಅವರಿಗೆ ಇದನ್ನು ಹೇಳುವವರು ಬೇರೆ ಯಾರೂ ಇಲ್ಲ.

ಊರಿನಲ್ಲಿ ಇದನ್ನು ಓದುತ್ತಿರುವ ಹೆತ್ತವರಲ್ಲಿ, ಇಲ್ಲಿ ಓದುತ್ತಿರುವ ಬಂಧುಗಳಲ್ಲಿ ನನ್ನ ಕೋರಿಕೆ ಒಂದೇ. ಮಕ್ಕಳ ಮುಂದಿನ ಓದಿನ ಪಟ್ಟಿ ಮಾಡುವಾಗ ಸಮೀಪದ ಸಾರ್ವಜನಿಕ ವಿಶ್ವವಿದ್ಯಾಲಯದ ಹೆಸರನ್ನು ಕೊನೆಗೆ ಬರೆಯಬೇಡಿ; ಮೊದಲು ಬರೆಯಿರಿ. ವಿಚಾರಿಸಿ, ನೋಡಿ, ಚೆನ್ನಾಗಿಲ್ಲದಿದ್ದರೆ ಆಮೇಲೆ ಹೊಡೆದುಹಾಕಿ. ಅದರ ಕೊರತೆಯ ಬಗ್ಗೆ ಜೋರಾಗಿ ದೂರು ಕೊಡಿ, ಶಾಸಕರನ್ನು ಕೇಳಿ. ಏಕೆಂದರೆ ಅದು ನಿಮ್ಮದು. ನಮ್ಮ ಮಕ್ಕಳೇ ಅಲ್ಲಿಗೆ ಹೋಗದಿದ್ದರೆ ಅದನ್ನು ಮುಚ್ಚುವಾಗ ಕೇಳುವವರೂ ಇರುವುದಿಲ್ಲ. ವಿದೇಶಕ್ಕೆ ಹಾರುವ ಮಕ್ಕಳಿಗೆ ರೆಕ್ಕೆ ಬೇಕು, ನಿಜ. ಅದಕ್ಕೂ ಮೊದಲು ಕಾಲೂರಿ ನಿಲ್ಲಲು ಸಾಲವಿಲ್ಲದ ನೆಲ ಬೇಕು. ಆ ನೆಲ ಕೊಣಾಜೆಯಲ್ಲಿದೆ, ಶಂಕರಘಟ್ಟದಲ್ಲಿದೆ, ಚಿಕ್ಕ ಅಳುವಾರದಲ್ಲಿದೆ. ಅದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.